ಶೀಟಿನ ಮೇಲೆ ನಿಂತ ಅಜ್ಜಿ

ಸಾರ್ ಹೋದರು ಎಂಬ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಬಂದಾಗ ಎಲ್ಲರೂ ಒಬ್ಬರ ಹಿಂದೆ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ನಮ್ಮ ಶೋಭಾ ಮಾತ್ರ, "ಇನ್ಮೇಲೆ ಅಜ್ಜೀನ ಯಾರೇ ಕೂರಿಸ್ತಾರೆ?" ಎಂದು ಬರೆದಳು. ಅದನ್ನು ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಆಫೀಸಿನಲ್ಲಿ ಮನೆ ಕಟ್ಟಿಸುವವರೊಬ್ಬರು ಎದುರಿಗೆ ಕೂತು ಟೈಲ್ಸ್ ಆರಿಸುತ್ತಿದ್ದರು. ಅವರ ಮುಂದೆಯೇ ಅತ್ತುಬಿಟ್ಟೆ. ಪಾಪ, ಅವರು ತಮ್ಮ ಆಯ್ಕೆಯೇ ಏನೋ ಎಡವಟ್ಟಾಯಿತೆಂದು ಗಾಬರಿಯಾಗಿ, "ಬೇಡ ಬಿಡಿ ಮೇಡಂ, ನೀವು ಹೇಳಿದ್ದೇ ಹಾಕೋಣ" ಎಂದರು.

ಅಜ್ಜಿ ಯಾರು ಅಂತ ಮೊದಲು ಹೇಳಬೇಕು. ನಾನು ತುಮಕೂರಿನಲ್ಲಿ ಆರ್ಕಿಟೆಕ್ಚರ್ ಓದುವಾಗ ಸಾರ್ ನಮಗೆ ಅರ್ಬನ್ ಡಿಸೈನ್ ಕಲಿಸುತ್ತಿದ್ದರು. ಬೀದಿ, ಸರ್ಕಲ್ಲು, ಕೆರೆ ದಂಡೆ, ಬಸ್ ಸ್ಟ್ಯಾಂಡು ಎಲ್ಲ ಸೇರಿಸಿ ಊರನ್ನೇ ರೂಪಿಸುವ ಪಾಠ ಅದು. ನಮಗೆ ಕೊಟ್ಟ ಮೊದಲ ಪ್ರಾಜೆಕ್ಟು ಗುಬ್ಬಿಯ ಪೇಟೆ ಬೀದಿ. ಅದನ್ನು ಹೇಗೆ ಚೆಂದ ಮಾಡುತ್ತೀರಿ ಎಂದು ಕೇಳಿದ್ದರು. ನಾನು ನಿದ್ದೆಗೆಟ್ಟು ಡ್ರಾಯಿಂಗ್ ಶೀಟು ಮಾಡಿದ್ದೆ. ಬೀದಿಯ ನಡುವೆ ಕಾರಂಜಿ, ನೆಲಕ್ಕೆ ಬಣ್ಣಬಣ್ಣದ ಕಲ್ಲು, ಸಾಲು ದೀಪ, ನೇರಳೆ ಬಣ್ಣದ ಸಂಜೆ ಆಕಾಶ. ನಮ್ಮ ಕಸುಬಿನಲ್ಲಿ ಚಿತ್ರದೊಳಗೆ ಜಾಗ ಎಷ್ಟು ದೊಡ್ಡದೆಂದು ಗೊತ್ತಾಗಲಿ ಎಂದು ಅಲ್ಲಲ್ಲಿ ಜನರ ಆಕೃತಿ ಅಂಟಿಸುತ್ತೇವೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಾನೂ ಇಳಿಸಿಕೊಂಡು ಅಂಟಿಸಿದ್ದೆ. ಉದ್ದ ಕೋಟು ತೊಟ್ಟು ಕಾಫಿ ಲೋಟ ಹಿಡಿದ ಒಬ್ಬ, ನಾಯಿ ಹಿಡಿದುಕೊಂಡ ಬಂಗಾರದ ಕೂದಲಿನವಳೊಬ್ಬಳು, ಕಾಲಿಗೆ ಚಕ್ರ ಕಟ್ಟಿಕೊಂಡು ಜಾರುತ್ತಿರುವ ಹುಡುಗಿ. ಎಲ್ಲರೂ ಗುಬ್ಬಿ ಪೇಟೆಯಲ್ಲಿ ಖುಷಿಯಾಗಿ ಓಡಾಡುತ್ತಿದ್ದರು.

ಸಾರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

"ಇವ್ರೆಲ್ಲ ಯಾವೂರಿನೋರಮ್ಮ?"

"ಸುಮ್ನೆ ಸಾರ್, ಸ್ಕೇಲ್‌ಗೆ."

"ಓ, ನಾನು ಕೊಬ್ಬರಿ ವ್ಯಾಪಾರಕ್ಕೆ ಬಂದವ್ರೇನೋ ಅಂದ್ಕೊಂಡೆ. ಈ ಬಿಸಿಲಲ್ಲಿ ಕೋಟು ಹಾಕ್ಕೊಂಡವ್ನಲ್ಲ, ಹುಷಾರಿಲ್ವಾ ಅವ್ನಿಗೆ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಾರ್ ನಗಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು, ನನ್ನ ಶೀಟಿನ ಮೇಲೆ, ಆ ಕೋಟಿನವನ ಪಕ್ಕದಲ್ಲೇ, ಒಂದು ಅಜ್ಜಿ ಬರೆದರು. ತಲೆ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈ ಸೊಂಟದ ಮೇಲೆ.

"ನೋಡು, ಈಯಮ್ಮ ಸಂತೆ ಮುಗಿಸ್ಕೊಂಡು ಬಂದವ್ಳೆ. ಕಾಲು ನೋವು. ಬಸ್ಸು ಬರೋಕೆ ಇನ್ನೂ ಹೊತ್ತೈತೆ. ಎಲ್ಲಿ ಕೂರಿಸ್ತೀಯಾ?"

ನಾನು ನನ್ನ ಶೀಟನ್ನೇ ಹೊಸದಾಗಿ ನೋಡಿದೆ. ಕಾರಂಜಿಯ ಸುತ್ತ ಚೂಪು ಕಂಬಿ. ಅಂಗಡಿಗಳಿಗೆ ಪೂರ್ತಿ ಗಾಜು. ಗಿಡಗಳಿಗೆ ತೆಳ್ಳನೆ ಸ್ಟೀಲ್ ಅಂಚು. ಕೂರಿಸಲು ಜಾಗ ಇರಲಿಲ್ಲ.

"ನಿಂತವ್ಳೆ ಕಣಮ್ಮ ಅಜ್ಜಿ" ಎಂದು ಹೇಳಿ ಸಾರ್ ಮುಂದಿನ ಶೀಟಿಗೆ ಹೋದರು.

ಅಲ್ಲಿಂದ ಶುರುವಾಯಿತು ನಮ್ಮ ಪೀಡೆ. ಯಾರು ಏನೇ ಡಿಸೈನ್ ಮಾಡಿದರೂ ಸಾರ್ ಕೊನೆಗೆ ಅದರ ಮೇಲೊಂದು ಅಜ್ಜಿ ಬರೆಯುತ್ತಿದ್ದರು. ಕೂರಲು ಜಾಗವಿದ್ದರೆ ಅಲ್ಲಿ ಕಾಲು ಚಾಚಿ ಕೂತ ಅಜ್ಜಿ, ಇಲ್ಲದಿದ್ದರೆ ಸೊಂಟದ ಮೇಲೆ ಕೈಯಿಟ್ಟು ನಿಂತ ಅಜ್ಜಿ. ಮಾರ್ಕ್ಸ್ ಬೇರೆ ಲೆಕ್ಕ, ಅದನ್ನು ಧಾರಾಳವಾಗಿಯೇ ಕೊಡುತ್ತಿದ್ದರು. ನಮಗೆ ಮಾರ್ಕ್ಸಿನ ಯೋಚನೆಯೇ ಹೊರಟುಹೋಗಿತ್ತು. ಕ್ಯಾಂಟೀನಿನಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಅದೇ ಮಾತು.

"ಏನೇ, ನಿಂದು ಕೂತ್ಲಾ?"

"ಎಲ್ಲಿ ಕೂರ್ತಾಳೆ ಕಣೇ, ನಿಂತವ್ಳೆ ನನ್ ಹೆಣ ನೋಡೋಕೆ."

ಶೋಭಾಳ ಅಜ್ಜಿ ಬೇಗ ಕೂತಳು. ಗೆರೆ ನೆಟ್ಟಗೆ ಎಳೆಯಲು ಬಾರದ, ಶೀಟಿನ ತುಂಬ ಕಾಫಿ ಕಲೆ ಮಾಡಿಕೊಳ್ಳುತ್ತಿದ್ದ ನಮ್ಮ ಕ್ಲಾಸಿನ ಮಹಾ ಸೋಂಬೇರಿಯೊಬ್ಬನಿಗೂ ಒಮ್ಮೆ ಕೂತ ಅಜ್ಜಿ ಸಿಕ್ಕಳು. ಅವನು ಅದನ್ನು ಫೋಟೊ ತೆಗೆದು ಡಿಪಿ ಮಾಡಿಕೊಂಡ. ಕ್ಲಾಸಿಗೇ ಒಳ್ಳೆ ಡ್ರಾಯಿಂಗ್ ಎಂದು ಹೆಸರಿದ್ದ ನನಗೆ ಮಾತ್ರ ಪ್ರತಿಸಲ ನಿಂತ ಅಜ್ಜಿಯೇ. ನಾನು ಎಷ್ಟು ಹಂಬಲಿಸಿದೆ ಅಂತ ಹೇಳಿದರೆ ಈಗಿನವರು ನಗಬಹುದು. ನನಗೆ ಬೇಕಾಗಿದ್ದು ಅದೊಂದೇ, ಸಾರ್ ಕೈಯಿಂದ ನನ್ನ ಶೀಟಿನ ಮೇಲೆ ಒಂದು ಕೂತ ಅಜ್ಜಿ.

ಸಾರ್ ನೋಡಲು ಗಿಡ್ಡ, ಸ್ವಲ್ಪ ದಪ್ಪ. ಇಸ್ತ್ರಿ ಕಾಣದ ಖಾದಿ ಅಂಗಿ. ಗುಬ್ಬಿಯಿಂದ ದಿನಾ ಟ್ರೈನಿನಲ್ಲಿ ಬಂದು ಸ್ಟೇಷನ್ನಿನಿಂದ ನಡೆದೇ ಕಾಲೇಜಿಗೆ ಬರುತ್ತಿದ್ದರು. ಯಾರಾದರೂ ಬೈಕ್ ನಿಲ್ಲಿಸಿದರೆ "ನೀನು ಹೋಗಪ್ಪ, ನಂಗೆ ಊರು ನೋಡೋದೈತೆ" ಎನ್ನುತ್ತಿದ್ದರು. ಎಲ್ಲಿಗೇ ಹೋಗಲಿ, ಮೊದಲು ಕೂರುತ್ತಿದ್ದರು. ಬ್ಯಾಂಕಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಮದುವೆ ಛತ್ರದಲ್ಲಿ, ಹೋದೊಡನೆ ಒಂದು ಕಡೆ ಕೂತು, ಎರಡೂ ಅಂಗೈಯನ್ನು ಆಚೀಚೆ ಊರಿ, ಬೆನ್ನು ಒರಗಿಸಿ ನೋಡಿ, "ಹ್ಞೂಂ" ಅಥವಾ "ಉಹ್ಞೂಂ". ಕಟ್ಟಿದವರ ಬಗ್ಗೆ ಅವರ ತೀರ್ಪು ಅಷ್ಟೇ. ಒಮ್ಮೆ ನಮ್ಮನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿದ್ದರು. ನಾವೆಲ್ಲ ವ್ಯೂ ಪಾಯಿಂಟ್ ಎಂದು ಮೇಲಕ್ಕೆ ಓಡಿದೆವು. ಸಾರ್ ಅರ್ಧ ದಾರಿಯ ಮಂಟಪದ ಕಟ್ಟೆಯ ಮೇಲೆಯೇ ಕೂತುಬಿಟ್ಟರು. ವಾಪಸ್ ಬರುವಾಗಲೂ ಅಲ್ಲೇ ಇದ್ದರು. ಕಟ್ಟೆಯನ್ನು ತಟ್ಟಿ ತೋರಿಸುತ್ತಾ, "ಇದನ್ನ ಕಟ್ಟಿದೋನು ಇವತ್ತಿನ ನಮ್ ಹಾಗೆ ಕಂಪ್ಯೂಟರ್ ಮುಂದೆ ಕೂತು ಕಟ್ಟಿಲ್ಲ ಕಣ್ರೋ. ಬೆಟ್ಟ ಹತ್ತಿ, ಇಲ್ಲಿಗೆ ಬಂದು ಉಸ್ಸಪ್ಪಾ ಅಂದವ್ನೆ. ಎಲ್ಲಿ ಉಸ್ಸಪ್ಪಾ ಅಂದ್ನೋ ಅಲ್ಲೇ ಕಟ್ಟವ್ನೆ" ಎಂದರು.

ಇದನ್ನೆಲ್ಲ ಕೇಳಿ ಸಾರ್‌ಗೆ ಚೆಂದ ಬೇಕಿರಲಿಲ್ಲ ಎಂದುಕೊಂಡರೆ ತಪ್ಪು. ನಾನೂ ಹಾಗೇ ಅಂದುಕೊಂಡು ಬೈಸಿಕೊಂಡಿದ್ದೇನೆ. ಒಂದು ದಿನ ಸಿಟ್ಟಿನಲ್ಲಿ ಕೇಳಿಯೇಬಿಟ್ಟೆ, "ಹಾಗಾದ್ರೆ ಚೆಂದ ಬೇಡ್ವಾ ಸಾರ್? ಬರೀ ಬೆಂಚು ಹಾಕ್ಕೊಂಡು ಹೋಗೋಣ್ವಾ?"

"ಚೆಂದ ಬೇಡ ಅಂತ ಯಾವನಂದ?" ಸಾರ್‌ಗೆ ನಿಜವಾಗಿಯೂ ಕೋಪ ಬಂದಿತ್ತು. "ಓಡೋನಿಗೆ ಏನಮ್ಮ ಚೆಂದ ಕಾಣುತ್ತೆ? ಒಂದ್ ಗಳಿಗೆ ಕೂತ್ರೆ ತಾನೆ ಕಾಣೋದು? ನಡಿ ನಡಿ, ತೋರಿಸ್ತೀನಿ."

ಅವತ್ತೇ ಮಧ್ಯಾಹ್ನ ನನ್ನನ್ನೂ ಶೋಭಾಳನ್ನೂ ಟ್ರೈನ್ ಹತ್ತಿಸಿ ಗುಬ್ಬಿಗೆ ಕರೆದುಕೊಂಡು ಹೋದರು. ಪೇಟೆಯಲ್ಲಿ ಹಳೇ ಕೊಬ್ಬರಿ ವ್ಯಾಪಾರಿಗಳ ಮನೆಗಳಿದ್ದವು. ಅದರಲ್ಲೊಂದರ ಮುಂದೆ ಸಾರ್ ನಿಂತುಬಿಟ್ಟರು. ಮರದ ಕಂಬ, ಗಾರೆಯಲ್ಲಿ ಮಾಡಿದ ಹೂಬಳ್ಳಿ, ಗಿಣಿಹಸಿರು ಬಾಗಿಲು, ಬೀದಿಗೆ ಮುಖ ಮಾಡಿದ ಕಲ್ಲಿನ ಜಗಲಿ. "ಅಯ್ಯಯ್ಯೋ, ಆ ಕಿಟಕಿ ನೋಡ್ರೇ! ಎಂಥಾ ಕಿಟಕಿ ಅದು!" ಎಂದು ರಸ್ತೆಯಲ್ಲೇ ಕೂಗಿದರು. ನಾನು ಬ್ಯಾಗಿನಿಂದ ಟೇಪು ತೆಗೆದೆ. ಅಷ್ಟೇ ಸಾಕಾಯಿತು, ಒಳಗಿನಿಂದ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಏನ್ರೀ, ಅಳತೆ ಹಿಡಿಯಾಕೆ ಬಂದ್ರಾ? ರಸ್ತೆ ಅಗಲ ಮಾಡ್ತೀವಿ ಅಂತ ಮೊನ್ನೆನೂ ಯಾರೋ ಬಂದಿದ್ರು. ಜಗಲಿ ಮುಟ್ಟಿ ನೋಡಿ, ಗ್ರಹಚಾರ ಬಿಡಿಸ್ತೀನಿ!"

ನಾನು ಟೇಪನ್ನು ಬೆನ್ನ ಹಿಂದೆ ಅಡಗಿಸಿದೆ. ಸಾರ್ ಆರಾಮಾಗಿ ಚಪ್ಪಲಿ ಬಿಟ್ಟು ಜಗಲಿ ಮೇಲೆ ಕೂತು, "ಒಡೆಯೋಕಲ್ಲ ತಾಯಿ, ಕೂರೋಕೆ ಬಂದ್ವಿ. ಸ್ವಲ್ಪ ನೀರು ಕೊಡಿ" ಎಂದರು. ಆಕೆ ಒಂದು ಕ್ಷಣ ದುರುಗುಟ್ಟಿ ನೋಡಿ ಒಳಗೆ ಹೋದರು. ಬರುವಾಗ ನೀರಿನ ಬದಲು ಮಜ್ಜಿಗೆ ತಂದಿದ್ದರು.

ಅಲ್ಲಿ ಕೂತ ಆ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿಸಿಲು ಇಳಿಯುತ್ತಾ ಬಂದಂತೆ ಎದುರು ಮನೆಯ ಗಾರೆ ಹೂಗಳ ನೆರಳು ಉದ್ದವಾಯಿತು. ಗೋಡೆಯ ಸುಣ್ಣದ ಬಣ್ಣ ಹಳದಿಗೆ ತಿರುಗಿತು, ಆಮೇಲೆ ಕೆಂಪಿಗೆ. ದಾರಿಯಲ್ಲಿ ಹೋಗುವವರು ಜಗಲಿ ನೋಡಿ ಒಂದು ಹೆಜ್ಜೆ ನಿಧಾನ ಮಾಡಿ, "ಏನ್ ಮೇಷ್ಟ್ರೇ, ಚೆನ್ನಾಗಿದೀರಾ?" ಎಂದು ಕೇಳಿ ಹೋಗುತ್ತಿದ್ದರು. ಮನೆಯಾಕೆ ಬಾಗಿಲಿಗೆ ಒರಗಿ ನಿಂತು ಮಗಳ ಬಾಣಂತನದ ಕತೆ ಹೇಳಿದರು. ಸಾರ್ ಒಂದೇ ಒಂದು ಪಾಠದ ಮಾತಾಡಲಿಲ್ಲ. ಟ್ರೈನಿಗೆ ಹೊತ್ತಾದಾಗ, "ಕಾಣ್ತೇನಮ್ಮ ಚೆಂದ?" ಎಂದು ಕೇಳಿದರು. ಹೂಂ ಸಾರ್ ಎಂದೆ. ಆ ಜಗಲಿ ಈಗ ಇಲ್ಲ. ಆಮೇಲಿನ ವರ್ಷಗಳಲ್ಲಿ ರಸ್ತೆ ಅಗಲವಾಯಿತು. ಆ ಮನೆಯಾಕೆಯ ಬೈಗುಳಕ್ಕೂ ಜಗಲಿ ಉಳಿಯಲಿಲ್ಲ.

ಕೊನೆಯ ವರ್ಷದ ಥೀಸಿಸ್‌ಗೆ ನಾನು ನನ್ನ ಊರು ಕುಣಿಗಲ್ಲನ್ನೇ ಆರಿಸಿಕೊಂಡೆ. ದೊಡ್ಡಕೆರೆಯ ಏರಿಯ ಮೇಲೆ ಜನ ಸಂಜೆ ಹೊತ್ತು ಬಂದು ಓಡಾಡುವಂಥ ಜಾಗ ಮಾಡುವುದು. ಈ ಸಲ ಬಿಡಬಾರದು ಎಂದು ಹಠ ಹಿಡಿದೆ. ಏರಿಯ ಉದ್ದಕ್ಕೂ ಕೂರಲು ಜಾಗ ಇಟ್ಟೆ. ನೀರಿನ ಅಲೆಯ ಹಾಗೆ ಬಳುಕುವ, ಹೊಳೆಯುವ ಸ್ಟೀಲ್ ಸೀಟುಗಳು. ಪರೀಕ್ಷೆಗೆ ಬೆಂಗಳೂರಿನಿಂದ ಬಂದ ದೊಡ್ಡ ಆರ್ಕಿಟೆಕ್ಟುಗಳು ಹೊಗಳಿದ್ದೇ ಹೊಗಳಿದ್ದು. ನನ್ನಪ್ಪ ಕುಣಿಗಲ್ಲಿನಿಂದ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದವರು ಅರ್ಥವಾಗದಿದ್ದರೂ ಕಣ್ಣೊರೆಸಿಕೊಂಡರು. ಎಲ್ಲ ಮುಗಿದ ಮೇಲೆ ಸಾರ್ ಬಂದರು. ತುಂಬಾ ಹೊತ್ತು ನೋಡಿದರು. ಪೆನ್ಸಿಲ್ ತೆಗೆದು ಅಜ್ಜಿ ಬರೆದರು. ಸೀಟಿನ ಪಕ್ಕದಲ್ಲಿ, ನಿಂತ ಅಜ್ಜಿ.

"ಸಾರ್!" ಅಂದೆ. "ಉದ್ದಕ್ಕೂ ಸೀಟ್ ಇದೆಯಲ್ಲ ಸಾರ್. ಎಲ್ರೂ ಚೆನ್ನಾಗಿದೆ ಅಂದ್ರು."

"ಚೆನ್ನಾಗೈತೆ. ನಾನೆಲ್ಲಿ ಇಲ್ಲ ಅಂದೆ? ಅದಕ್ಕೇ ನೋಡ್ತಾ ನಿಂತವ್ಳೆ." ಆಮೇಲೆ ಮೆತ್ತಗೆ, "ಬಿಸಿಲಿಗೆ ಸ್ಟೀಲು ಕಾದಿರುತ್ತೆ ಕಣಮ್ಮ. ಕೂತ್ರೂ ಆ ಬಳುಕಿಗೆ ಜಾರ್ತಾಳೆ. ಒಂದ್ಸಲ ನೀನು ಹೋಗಿ ಮಧ್ಯಾಹ್ನ ಕೆರೆ ಏರಿ ಮೇಲೆ ಕೂತಿದ್ಯಾ?" ಎಂದರು.

ಕೂತಿರಲಿಲ್ಲ. ಹುಟ್ಟಿದ ಊರಿನ ಕೆರೆ, ಬಸ್ಸಿನ ಕಿಟಕಿಯಿಂದಲೇ ನೋಡಿದ್ದೆ. ಅವತ್ತು ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಸಾರ್ ಮೇಲೆ ಎಷ್ಟು ಸಿಟ್ಟಿತ್ತೆಂದರೆ ಸೆಂಡಾಫ್ ದಿನ ಫೋಟೊಕ್ಕೆ ಅವರ ಪಕ್ಕ ನಿಲ್ಲಲಿಲ್ಲ. ಆಮೇಲೆ ಅವರೇ ಹುಡುಕಿಕೊಂಡು ಬಂದು, "ಏನಮ್ಮ, ನಮ್ಮಜ್ಜಿ ಮೇಲೆ ಕೋಪಾನಾ?" ಎಂದು ತಲೆ ನೇವರಿಸಿದರು.

ಓದು ಮುಗಿದ ಮೇಲೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಸಣ್ಣ ಆಫೀಸು ಮಾಡಿಕೊಂಡೆ. ಮನೆಗಳು, ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಕ್ಯಾಂಟೀನು, ಸೆಕ್ಯೂರಿಟಿ ರೂಮು, ಇಂಥವೇ ಕೆಲಸ. ಸಾರ್ ರಿಟೈರ್ ಆದರು. ಆದರೆ ಆಗಾಗ ಫೋನ್ ಮಾಡುತ್ತಿದ್ದರು. ಹಲೋ ಗಿಲೋ ಏನಿಲ್ಲ, ನೇರವಾಗಿ, "ಏನ್ ಕಟ್ತಿದೀಯಾ? ಕೂರೋಕೆ ಜಾಗ ಐತಾ?" ಎಂದೇ ಶುರು. ಒಂದೊಂದು ಸಲ ಸೈಟಿನ ರಗಳೆಯ ನಡುವೆ ಫೋನ್ ಬಂದರೆ ನನಗೆ ಬೇಜಾರಾಗುತ್ತಿತ್ತು. ಈಗ ಸೈಟಿನಲ್ಲಿ ಫೋನ್ ರಿಂಗಾದಾಗಲೆಲ್ಲ ಅದೇ ದನಿ ಬರಬಾರದಾ ಅನ್ನಿಸುತ್ತದೆ.

ತುಮಕೂರಿನಲ್ಲಿ ರಸ್ತೆಗಳೆಲ್ಲ ಹೊಸದಾಗುತ್ತಿದ್ದ ಕಾಲದ ಒಂದು ಮಧ್ಯಾಹ್ನ. ಆಗಷ್ಟೇ ಮುಗಿದಿದ್ದ ಒಂದು ದೊಡ್ಡ ರಸ್ತೆಯಲ್ಲಿ ಹೋಗುತ್ತಿದ್ದೆ. ಅಗಲವಾದ ಫುಟ್‌ಪಾತು, ನುಣ್ಣನೆ ಕಲ್ಲು, ಚೆಂದದ ದೀಪದ ಕಂಬಗಳು. ಒಂದು ಮೆಡಿಕಲ್ ಶಾಪಿನ ಮುಂದೆ ಯಾರೋ ವಯಸ್ಸಾದವರು ದೀಪದ ಕಂಬ ಹಿಡಿದುಕೊಂಡು ನಿಂತಿದ್ದರು. ಒಂದು ಕೈಯಲ್ಲಿ ಬಟ್ಟೆ ಚೀಲ. ದಾಟಿ ಹೋದವಳು ಕಾರು ನಿಲ್ಲಿಸಿ ಹಿಂದಕ್ಕೆ ಓಡಿದೆ. ಸಾರ್. ಎಷ್ಟು ಸೊರಗಿಹೋಗಿದ್ದರು! ಮಂಡಿ ಪೂರ್ತಿ ಹೋಗಿತ್ತಂತೆ. ಮಾತ್ರೆ ತೆಗೆದುಕೊಂಡು ಆಟೋಗೆ ಕಾಯುತ್ತಿದ್ದರು.

"ಸಾರ್, ಇಲ್ಲ್ಯಾಕೆ ನಿಂತಿದೀರಾ?"

"ಎಲ್ಲಿ ಕೂರ್ಲಮ್ಮ?" ಎಂದು ಸುತ್ತ ನೋಡಿದರು. ನಾನೂ ನೋಡಿದೆ. ಅಷ್ಟುದ್ದ ರಸ್ತೆಯಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಒಂದು ಕಟ್ಟೆಯಿಲ್ಲ. ಸಾರ್ ನಕ್ಕರು. "ಚೆನ್ನಾಗಿ ಮಾಡವ್ರೆ ಬುಡು. ನಾನೂ ನೋಡ್ತಾ ನಿಂತಿದೀನಿ. ಇಷ್ಟು ವರ್ಷ ಅಜ್ಜಿ ಅಜ್ಜಿ ಅಂತ ಬರೆದೆ. ನೋಡು, ಕೊನೆಗೆ ನಾನೇ ಆಗ್ಬಿಟ್ಟೆ."

ಅವರು ತಮಾಷೆಗೆ ಅಂದಿದ್ದು. ನಾನು ಅವರ ಕೈಯಿಂದ ಚೀಲ ತೆಗೆದುಕೊಂಡೆ. ಕಾರಿನಲ್ಲಿ ಗುಬ್ಬಿಯವರೆಗೂ ಬಿಟ್ಟುಬಂದೆ. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಊರು ನೋಡುತ್ತಿದ್ದರು.

ಅದೃಷ್ಟವೋ ಏನೋ, ಮರುವರ್ಷ ಆ ಮೆಡಿಕಲ್ ಶಾಪಿನವರೇ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿಸಲು ನನ್ನ ಹತ್ತಿರ ಬಂದರು. ಕೆಳಗೆ ಅಂಗಡಿ, ಮೇಲೆ ಡಾಕ್ಟರ್ ಕ್ಲಿನಿಕ್. ಮುಂದೆ ಪೂರ್ತಿ ಗಾಜು ಬೇಕು ಎಂದರು. ಗಾಜು ಕೊಡ್ತೀನಿ, ಆದರೆ ಅದರ ಮುಂದೆ ನಿಮ್ಮ ಜಾಗದಲ್ಲೇ, ನೆರಳಿನ ಕೆಳಗೆ, ಈ ತುದಿಯಿಂದ ಆ ತುದಿವರೆಗೆ ಕಲ್ಲಿನ ಜಗಲಿ ಇರಬೇಕು ಎಂದೆ.

"ಕಂಡೋರೆಲ್ಲ ಬಂದು ಕೂತ್ಕೊಂಡ್ರೆ ಏನ್ ಮಾಡೋದು ಮೇಡಂ?"

"ಕೂರ್ಲಿ ಅಂತಾನೇ ಕಟ್ತಿರೋದು. ನಿಮ್ಮ ಅಂಗಡಿಗೆ ಮಾತ್ರೆಗೆ ಬರೋರು ಗಟ್ಟಿಮುಟ್ಟಾಗಿರ್ತಾರೇನ್ರೀ?"

ಆತ ತಲೆ ಕೆರೆದುಕೊಂಡರು. ಮಾರನೇ ದಿನ ಫೋನ್ ಮಾಡಿ, "ನಮ್ಮನೇಲಿ ಕೇಳ್ದೆ, ನೀವಂದಿದ್ದೇ ಸರಿಯಂತೆ, ಹಾಕಿ" ಎಂದರು. ಆ ಖುಷಿಗೆ ನಾನು ಕೈಯಲ್ಲೇ ಒಂದು ಶೀಟು ಬರೆದೆ. ಬರೆಯುವ ಮೊದಲು ಎಷ್ಟೋ ಸಂಜೆ ಆ ರಸ್ತೆಗೆ ಹೋಗಿ, ಮನೆಯಿಂದ ತಂದ ಸ್ಟೂಲು ಹಾಕಿಕೊಂಡು ಕೂತು, ಬಿಸಿಲು ಎಲ್ಲಿಂದ ಬರುತ್ತದೆ, ಆಟೋಗಳು ಎಲ್ಲಿ ನಿಲ್ಲುತ್ತವೆ ಎಂದೆಲ್ಲ ನೋಡಿಕೊಂಡೆ. ಜನ ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ ಅಂದುಕೊಂಡೆ.

ಶೀಟು ಸುತ್ತಿಕೊಂಡು ಗುಬ್ಬಿಗೆ ಹೋದೆ. ಸಾರ್ ಆರಾಮ ಕುರ್ಚಿಯಲ್ಲಿದ್ದರು. ಶೀಟನ್ನು ತೊಡೆಯ ಮೇಲೆ ಬಿಡಿಸಿಕೊಂಡು, ಬ್ಲೇಡು ತರಿಸಿ ಪೆನ್ಸಿಲ್ ಚೂಪು ಮಾಡಿಕೊಂಡರು. ಜಗಲಿಯ ಮೇಲೆ ಪೆನ್ಸಿಲ್ ತುದಿ ಇಟ್ಟರು. ಆಮೇಲೆ ಪೆನ್ಸಿಲ್ ಎತ್ತಿ ಜೇಬಿಗೆ ಹಾಕಿಕೊಂಡರು.

"ಯಾಕೆ ಸಾರ್?"

"ಹಾಳೆ ಮೇಲೆ ಕೂರಿಸಿದ್ದು ಸಾಕು ಕಣಮ್ಮ. ಇದು ಕಟ್ಟೋ ಜಗಲಿ. ಕಟ್ಟು. ನಾನೇ ಬಂದು ಕೂತು ನೋಡ್ತೀನಿ. ಆಮೇಲೆ ಬರೀತೀನಿ."

"ಈಗ್ಲೇ ಬರೆದುಬಿಡಿ ಸಾರ್, ಪ್ಲೀಸ್."

"ಅವಸರ ಏನು?"

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು. ಅವರನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. "ಬರ್ಕೊಟ್ಟು ಕಳಿಸ್ಬಾರ್ದೇನ್ರೀ? ಪಾಪ, ಅಷ್ಟು ದೂರದಿಂದ ಬಂದೈತೆ ಮಗು." ಆಮೇಲೆ ಕಾಫಿ ತಂದು ಕೊಡುತ್ತಾ ನನ್ನ ಕಿವಿಯಲ್ಲಿ, "ಆ ಅಜ್ಜಿ ಯಾರು ಗೊತ್ತೇನಮ್ಮ? ನಮ್ಮತ್ತೆ. ಆ ಸೊಂಟದ ಮೇಲಿನ ಕೈ ನೋಡಿದ್ರೆ ಗೊತ್ತಾಗಲ್ವಾ? ನಂಗಂತೂ ಈಗ್ಲೂ ಭಯ ಆಗುತ್ತೆ" ಎಂದರು. ಸಾರ್‌ಗೆ ಕೇಳಿಸಿತು. ಮುಸಿಮುಸಿ ನಕ್ಕರು.

ನಾನು ಕೆಲಸವನ್ನು ಎಷ್ಟು ಓಡಿಸಿದರೂ ಓಡಲಿಲ್ಲ. ಕಲ್ಲು ಬರುವುದು ತಡವಾಯಿತು, ಮೇಸ್ತ್ರಿ ಮಗಳ ಮದುವೆ ಬಂತು, ಆಮೇಲೆ ಮಳೆ. ಜಗಲಿಗೆ ಬರೀ ಇಟ್ಟಿಗೆ ಕಟ್ಟಿ, ಮೇಲಿನ ಕಲ್ಲು ಕೂರಿಸುವುದಷ್ಟೇ ಬಾಕಿ ಇದ್ದಾಗ ಶೋಭಾಳ ಆ ಮೆಸೇಜು ಬಂತು.

ಆ ಶೀಟು ಈಗ ನನ್ನ ಆಫೀಸಿನ ಗೋಡೆಯ ಮೇಲಿದೆ. ಸಾರ್ ಪೆನ್ಸಿಲ್ ಇಟ್ಟ ಜಾಗದಲ್ಲಿ ಒಂದು ಚುಕ್ಕೆ ಮೂಡಿದೆ, ಅಷ್ಟೇ. ಅಲ್ಲಿ ಅಜ್ಜಿಯನ್ನು ಬರೆಯಲು ನನಗೆ ಬರುವುದಿಲ್ಲವೆಂದಲ್ಲ. ಅಷ್ಟು ಸಲ ನೋಡಿದ್ದೇನೆ, ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಒಂದೆರಡು ಸಲ ಪೆನ್ಸಿಲ್ ಹಿಡಿದು ಹೋಗಿ ನಿಂತೆ. ಆಗಲಿಲ್ಲ. ಸಾರ್ ಬಂದು ಕೂತು ನೋಡಬೇಕಿತ್ತು. ಎರಡೂ ಅಂಗೈ ಊರಿ ಹ್ಞೂಂ ಎನ್ನಬೇಕಿತ್ತು. ಉಹ್ಞೂಂ ಅಂದಿದ್ದರೂ ಸಾಕಿತ್ತು ನನಗೆ.

ಕಾರ್ಯಗಳೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಅಮ್ಮ ಕಣ್ಣು ತೋರಿಸಲು ಗುಬ್ಬಿಯಿಂದ ತುಮಕೂರಿಗೆ ಬಂದಿದ್ದರು. ಅಷ್ಟರಲ್ಲಿ ಜಗಲಿ ಮುಗಿದಿತ್ತು. ಆಸ್ಪತ್ರೆ ಮುಗಿಸಿ ಅವರನ್ನು ಸೀದಾ ಆ ಮೆಡಿಕಲ್ ಶಾಪಿನ ಹತ್ತಿರ ಕರೆದುಕೊಂಡು ಹೋದೆ. ಎಲ್ಲಿಗೆಂದು ಹೇಳಲಿಲ್ಲ. ಕಣ್ಣಿಗೆ ಬಿಟ್ಟ ಡ್ರಾಪ್ಸಿನಿಂದ ಅವರಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಜಗಲಿಯ ಮೇಲೆ ಆಗಲೇ ಒಬ್ಬ ಹೆಂಗಸು ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಆಚೆ ತುದಿಯಲ್ಲಿ ಯಾರೋ ಟೋಪಿಯ ಅಜ್ಜ ಮಾತ್ರೆ ಚೀಟಿ ಓದುತ್ತಿದ್ದರು. ಅಮ್ಮನಿಗೆ ಕೈ ಕೊಟ್ಟು ನಡುವೆ ಕೂರಿಸಿದೆ. ಅವರು ಚೀಲವನ್ನು ಪಕ್ಕಕ್ಕಿಟ್ಟು, ಎರಡೂ ಅಂಗೈಯನ್ನು ಆಚೀಚೆ ಊರಿ, ನಿಧಾನಕ್ಕೆ ಬೆನ್ನು ಒರಗಿಸಿದರು. ಅಷ್ಟು ವರ್ಷ ಜೊತೆಗಿದ್ದವರು, ಥೇಟ್ ಸಾರ್ ಹಾಗೇ.

"ಇದೇ ಏನಮ್ಮ ಅದು?" ಎಂದರು.

"ಹೂಂ ಅಮ್ಮ."

ಕಲ್ಲಿನ ಮೇಲೆ ಕೈಯಾಡಿಸಿದರು. ಕಾಲು ತೂಗಿ ನೋಡಿಕೊಂಡರು. "ಚೂರು ಎತ್ತರ ಆಯ್ತು ಕಣಮ್ಮ. ಅವ್ರಿದ್ದಿದ್ರೆ ಬೈತಿದ್ರು."

"ಬೈಬೇಕಿತ್ತಮ್ಮ" ಎಂದೆ. ಅವರು ನನ್ನ ಕೈ ಹಿಡಿದುಕೊಂಡು ಸುಮ್ಮನೆ ರಸ್ತೆ ಕಡೆ ಮುಖ ಮಾಡಿ ಕೂತರು. ಸಂಜೆಯಾಗುತ್ತಿತ್ತು, ಎದುರು ಕಟ್ಟಡದ ಮೇಲೆ ಬಿಸಿಲು ಹಳದಿಗೆ ತಿರುಗುತ್ತಿತ್ತು. ಅಷ್ಟರಲ್ಲಿ, ನನ್ನ ಕಾರು ರಿಪೇರಿಗೆ ಹೋಗಿದ್ದರಿಂದ ರೈಲ್ವೆ ಸ್ಟೇಷನ್ನಿಗೆ ಹೇಳಿದ್ದ ಆಟೋ ಬಂದು ನಮ್ಮ ಮುಂದೆಯೇ ನಿಂತು ಹಾರ್ನ್ ಹೊಡೆಯಿತು. ನಾನು ಚೀಲ ಎತ್ತಿಕೊಂಡು ಕೈ ಚಾಚಿದೆ.

"ಈ ಟ್ರೈನ್ ಹೋಗ್ಲಿ ಬುಡು" ಎಂದರು ಅಮ್ಮ, ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿಕೊಳ್ಳುತ್ತಾ. "ಇನ್ನೊಂದ್ ಗಳಿಗೆ ಕೂತಿರ್ತೀನಿ."